ಕಪ್ಪು ಪರದೆಯಿಂದ ಕರೆದ ಬಿಳಿ ಕಿಟಕಿ



ಕಂಪ್ಯೂಟರಿನ ಮುಂದೆ ಹೊಸದಾಗಿ ಕುಳಿತವರಿಗೆ ಆಗಾಗ ಎದುರಾಗುವ ಒಂದು ಪ್ರಸಂಗವಿದೆ. ಲಿನಕ್ಸ್ ಹಾಕಿರುವ ಕಂಪ್ಯೂಟರಿನಲ್ಲಿ ಒಬ್ಬಾತ ಟರ್ಮಿನಲ್ ಎಂಬ ಕಪ್ಪು ಪರದೆಯನ್ನು ತೆರೆಯುತ್ತಾನೆ. ಮೌಸ್ ಹಿಡಿದು ಮೆನುಗಳಲ್ಲಿ ಹುಡುಕುವ ಗೋಜಿಗೆ ಹೋಗದೆ, ‘ಜಿಎಡಿಟ್’ ಎಂಬ ಎಡಿಟರಿನ ಹೆಸರನ್ನೂ ತನ್ನ ಕಡತದ ಹೆಸರನ್ನೂ ಟೈಪು ಮಾಡಿ ಎಂಟರ್ ಒತ್ತುತ್ತಾನೆ. ಕ್ಷಣಾರ್ಧದಲ್ಲಿ ಬಿಳಿಯ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಬರೆಯಲು ತೊಡಗುತ್ತಾನೆ. ನಡುವೆ ಏನೋ ನೆನಪಾಗಿ ಕಪ್ಪು ಪರದೆಗೆ ಮರಳಿ ಇನ್ನೊಂದು ಆಜ್ಞೆ ಕೊಟ್ಟರೆ ಅದು ತುಟಿಪಿಟಿಕ್ಕೆನ್ನುವುದಿಲ್ಲ. ಟೈಪು ಮಾಡಿದ ಅಕ್ಷರಗಳು ಮೂಡುತ್ತವೆ, ಕೆಲಸ ಮಾತ್ರ ಆಗುವುದಿಲ್ಲ. ಕೆಟ್ಟುಹೋಯಿತೆಂದು ಭಾವಿಸಿ ಆತ ಕಪ್ಪು ಪರದೆಯನ್ನು ಮುಚ್ಚುತ್ತಾನೆ. ಕೆಲವು ಟರ್ಮಿನಲ್‌ಗಳು ಆಗ ಒಂದು ಎಚ್ಚರಿಕೆ ತೋರಿಸುತ್ತವೆ; ಅಂಥ ಎಚ್ಚರಿಕೆಗಳನ್ನು ಓದುವವರು ಕಡಿಮೆ. ಟರ್ಮಿನಲ್ಲಿನೊಡನೆ ಬಿಳಿಯ ಕಿಟಕಿಯೂ ಮಾಯ, ಉಳಿಸದೆ ಬಿಟ್ಟಿದ್ದ ಎರಡು ಪುಟ ಬರಹವೂ ಮಾಯ.

ಏನೂ ಕೆಟ್ಟಿರಲಿಲ್ಲ. ಕಂಪ್ಯೂಟರ್ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ಹಾಗೆ ಹೇಳಿಕೊಟ್ಟವರು ಯಾರು, ಯಾವ ಕಾಲದಲ್ಲಿ, ಯಾವ ಯಂತ್ರದ ಮುಂದೆ ಕುಳಿತು ಎಂದು ಕೇಳಿದರೆ, ಉತ್ತರ ಕಾಗದದ ಸುರುಳಿಯ ಮೇಲೆ ಕಂಪ್ಯೂಟರ್ ಮಾತನಾಡುತ್ತಿದ್ದ ದಿನಗಳಿಗೆ ಕರೆದೊಯ್ಯುತ್ತದೆ.

ಮೊದಲು ಎರಡು ಪದಗಳ ಪರಿಚಯ. ‘ಕಮಾಂಡ್ ಲೈನ್’ ಎಂದರೆ ಆಜ್ಞೆಯ ಸಾಲು. ಬೇಕಾದ ಕೆಲಸದ ಹೆಸರನ್ನು ಅಕ್ಷರಗಳಲ್ಲಿ ಬರೆದು ಕಂಪ್ಯೂಟರಿಗೆ ತಿಳಿಸುವ ವಿಧಾನ ಅದು. ಆ ಸಾಲನ್ನು ಓದಿ ಅರ್ಥಮಾಡಿಕೊಂಡು ಕೆಲಸಕ್ಕೆ ಹಚ್ಚುವ ಪ್ರೋಗ್ರಾಮಿಗೆ ‘ಶೆಲ್’ ಎಂದು ಹೆಸರು. ಇನ್ನು ‘ಎಡಿಟರ್’. ಪತ್ರಿಕಾ ಕಚೇರಿಯಲ್ಲಿ ಈ ಪದಕ್ಕೆ ಬೇರೆಯೇ ಗತ್ತು ಇದೆ. ಕಂಪ್ಯೂಟರಿನಲ್ಲಿ ಎಡಿಟರ್ ಎಂದರೆ ಅಲಂಕಾರವಿಲ್ಲದ ಬರಿಯ ಅಕ್ಷರಗಳನ್ನು ಬರೆಯಲು, ತಿದ್ದಲು ಇರುವ ಸಲಕರಣೆ. ದಪ್ಪಕ್ಷರ, ಬಣ್ಣ, ಚಿತ್ರಗಳ ವೈಭವ ಅದರ ಕಡತದೊಳಗೆ ಸೇರುವುದಿಲ್ಲ. ಪ್ರೋಗ್ರಾಂ ಬರೆಯುವವರು ಇಡೀ ದಿನ ಕಳೆಯುವುದು ಇದರೊಳಗೇ.

ಅಮೆರಿಕದ ನ್ಯೂಜೆರ್ಸಿಯ ಮರೇ ಹಿಲ್ ಎಂಬಲ್ಲಿ ಬೆಲ್ ಪ್ರಯೋಗಾಲಯವಿದೆ. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಸಂಗಡಿಗರು ಪಿಡಿಪಿ-7 ಎಂಬ ಹಳೆಯ ಯಂತ್ರದ ಮೇಲೆ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆ ಕಾಲದ ಟರ್ಮಿನಲ್ ಎಂದರೆ ಪರದೆಯಲ್ಲ, ಟೆಲಿಪ್ರಿಂಟರ್. ನಮ್ಮ ತಾರು ಕಚೇರಿಗಳಲ್ಲೂ ಪತ್ರಿಕಾಲಯಗಳಲ್ಲೂ ಒಂದು ಕಾಲಕ್ಕೆ ಕಟಕಟ ಸದ್ದು ಮಾಡುತ್ತಿದ್ದ ಯಂತ್ರಗಳ ಬಳಗದ್ದೇ ಅದು. ಆಗ ಹೆಚ್ಚು ಬಳಕೆಯಲ್ಲಿದ್ದ ಟೆಲಿಟೈಪ್ 33 ಎಂಬ ಮಾದರಿ ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಅಚ್ಚೊತ್ತುತ್ತಿತ್ತು. ಒಂದು ಸಾಲು ಮುಗಿಯಲು ಏಳು ಸೆಕೆಂಡು! ಕೀಲಿಗಳನ್ನು ಒತ್ತಲು ಬೆರಳಿಗೂ ಬಲ ಬೇಕಿತ್ತು. ಯೂನಿಕ್ಸ್ ಆಜ್ಞೆಗಳೆಲ್ಲ ಎರಡಕ್ಷರ, ಮೂರಕ್ಷರಗಳ ಮೊಟಕು ಹೆಸರುಗಳಾಗಿರುವುದಕ್ಕೆ ಈ ನಿಧಾನ ಯಂತ್ರವೂ ಒಂದು ಕಾರಣ.

ಥಾಂಪ್ಸನ್ ಅಲ್ಲಿ ಬರೆದ ಎಡಿಟರಿನ ಹೆಸರೂ ಎರಡೇ ಅಕ್ಷರ: ‘ಇಡಿ’. ಅದರಷ್ಟು ಮಿತಭಾಷಿ ಇನ್ನೊಂದಿಲ್ಲ. ಬಳಕೆದಾರ ಏನು ತಪ್ಪು ಮಾಡಿದರೂ ಅದರ ಉತ್ತರ ಒಂದೇ, ಪ್ರಶ್ನಾರ್ಥಕ ಚಿಹ್ನೆ. ಏನು ತಪ್ಪಾಯಿತೆಂಬುದನ್ನು ಬಳಕೆದಾರನೇ ಯೋಚಿಸಿ ತಿಳಿಯಬೇಕು. ಕಡತ ಕಣ್ಣೆದುರು ಇರುತ್ತಲೂ ಇರಲಿಲ್ಲ. ಐದನೆಯ ಸಾಲು ನೋಡಬೇಕೆಂದರೆ ಐದನೆಯ ಸಾಲನ್ನು ಅಚ್ಚುಮಾಡು ಎಂದು ಕೇಳಿಕೊಳ್ಳಬೇಕು. ಕುರುಡಾಗಿ ಬರೆಯುವ ಈ ಪದ್ಧತಿ ಇಂದಿನವರಿಗೆ ಹಿಂಸೆಯಂತೆ ಕಾಣಬಹುದು. ಆದರೆ ಕಾಗದದ ಮೇಲೆ ಒಮ್ಮೆ ಬಿದ್ದ ಅಕ್ಷರವನ್ನು ಅಳಿಸಲಾಗದ ಯಂತ್ರಕ್ಕೆ ಅದಕ್ಕಿಂತ ತಕ್ಕ ಎಡಿಟರನ್ನು ಊಹಿಸುವುದು ಕಷ್ಟ.

ಶೆಲ್ ಏಕೆ ಕಾಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಟ್ಟಿದ್ದೂ ಇದೇ ಕೋಣೆಯಲ್ಲಿ. ಯೂನಿಕ್ಸಿನಲ್ಲಿ ಒಂದು ಆಜ್ಞೆ ಕೊಟ್ಟಾಗ ಒಳಗೆ ನಡೆಯುವುದು ಮೂರು ಹೆಜ್ಜೆ. ಶೆಲ್ ಮೊದಲು ತನ್ನಂತೆಯೇ ಇರುವ ಇನ್ನೊಂದು ಪ್ರತಿಯನ್ನು ಹುಟ್ಟುಹಾಕುತ್ತದೆ. ಇದು ‘ಫೋರ್ಕ್’, ಅಂದರೆ ದಾರಿ ಕವಲೊಡೆಯುವುದು. ಆ ಮರಿ ಪ್ರತಿ ತನ್ನ ವೇಷ ಕಳಚಿ, ಕೇಳಿದ ಪ್ರೋಗ್ರಾಮಿನ ವೇಷ ತೊಡುತ್ತದೆ, ಇದು ‘ಎಕ್ಸೆಕ್’. ತಾಯಿ ಶೆಲ್, ಮರಿಯ ಕೆಲಸ ಮುಗಿಯುವವರೆಗೆ ಸುಮ್ಮನೆ ಕುಳಿತಿರುತ್ತದೆ, ಇದು ‘ವೆಯ್ಟ್’. ಪಿಡಿಪಿ-7ರ ಮೇಲೆ ಫೋರ್ಕ್ ಸೌಲಭ್ಯ ತರಲು ಬೇಕಾದದ್ದು ಕೇವಲ 27 ಸಾಲು ಅಸೆಂಬ್ಲಿ ಸಂಕೇತವೆಂದು ರಿಚಿ ಮುಂದೆ ದಾಖಲಿಸಿದ್ದಾರೆ. ಇಂದಿಗೂ ಕೋಟ್ಯಂತರ ಕಂಪ್ಯೂಟರುಗಳು ನಡೆಯುವುದು ಇದೇ ಏರ್ಪಾಟಿನ ಮೇಲೆ.

ಈ ತಾಯಿ-ಮರಿ ಏರ್ಪಾಟು ತಂದಿಟ್ಟ ಒಂದು ಪೇಚನ್ನು ರಿಚಿಯವರೇ ಹೇಳಿಕೊಂಡಿದ್ದಾರೆ. ಒಂದು ಕಡತಕೋಶದಿಂದ ಇನ್ನೊಂದಕ್ಕೆ ಹೋಗುವ ಆಜ್ಞೆ ಅದುವರೆಗೆ ಚೆನ್ನಾಗಿ ನಡೆಯುತ್ತಿದ್ದದ್ದು, ಫೋರ್ಕ್ ಬಂದ ಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಆಜ್ಞೆ ಕೊಟ್ಟರೆ ತಪ್ಪೆಂದೂ ಹೇಳದು, ಜಾಗವನ್ನೂ ಬಿಡದು. ತಲೆ ಕೆಡಿಸಿಕೊಂಡು ನೋಡಿದಾಗ ತಿಳಿಯಿತು: ಆಜ್ಞೆ ಸರಿಯಾಗಿಯೇ ನಡೆಯುತ್ತಿದೆ, ಆದರೆ ಹೊಸ ಜಾಗಕ್ಕೆ ಹೋಗುತ್ತಿರುವುದು ಮರಿ. ಹೋದ ಮರಿ ಅಲ್ಲೇ ಮುಗಿದುಹೋಗುತ್ತದೆ, ತಾಯಿ ಇದ್ದಲ್ಲೇ ಇರುತ್ತದೆ. ಕೊನೆಗೆ ಆ ಒಂದು ಕೆಲಸವನ್ನು ಮರಿಗೆ ವಹಿಸದೆ ಶೆಲ್ ತಾನೇ ಮಾಡುವಂತೆ ತಿದ್ದಿದರು.

ಮರಿಗಾಗಿ ಕಾಯುವುದು ಒಂದು ಪ್ರತ್ಯೇಕ ಹೆಜ್ಜೆಯಾದ್ದರಿಂದ, ಕಾಯದೆ ಇರುವುದೂ ಸುಲಭವಾಯಿತು. ಆ ಹೆಜ್ಜೆಯನ್ನು ಬಿಟ್ಟುಬಿಟ್ಟರೆ ಮುಗಿಯಿತು. ಹಾಗೆ ಬಿಡು ಎಂದು ಶೆಲ್‌ಗೆ ಹೇಳಲು ಆಯ್ದುಕೊಂಡ ಗುರುತು ‘&’. ಅಂಗಡಿಗಳ ಬೋರ್ಡುಗಳಲ್ಲಿ ‘ಅಂಡ್ ಸನ್ಸ್’ ಎನ್ನುವಾಗ ಬರುವ ಅದೇ ಸುರುಳಿ ಚಿಹ್ನೆ. ಆಜ್ಞೆಯ ಕೊನೆಗೆ ಅದನ್ನು ಸೇರಿಸಿದರೆ, ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸು, ಮುಂದಿನ ಮಾತಿಗೆ ಈಗಲೇ ಸಿದ್ಧವಾಗು ಎಂದರ್ಥ. ಗಂಟೆಗಟ್ಟಲೆ ನಡೆಯುವ ಲೆಕ್ಕಾಚಾರಗಳಿಗೆ ಅದು ಒದಗಿಬಂತು. ಎಡಿಟರಿಗೆ ಮಾತ್ರ ಅದರ ಉಪಯೋಗವಿರಲಿಲ್ಲ. ಇರುವುದು ಒಂದೇ ಟೆಲಿಪ್ರಿಂಟರ್, ಒಂದೇ ಕಾಗದ. ಅದರ ಮೇಲೆ ಎಡಿಟರಿನೊಡನೆ ಮಾತನಾಡುತ್ತಿರುವಾಗ ಶೆಲ್ ನಡುವೆ ಬಾಯಿ ಹಾಕಿದರೆ ಗೊಂದಲವೇ. ಆದ್ದರಿಂದ ಎಡಿಟರ್ ಮಾತನಾಡುವಾಗ ಶೆಲ್ ಮೌನವಾಗಿರಬೇಕೆಂಬ ಶಿಸ್ತು ಅಂದಿನ ಮಟ್ಟಿಗೆ ತೀರ ಸಹಜವಾಗಿತ್ತು.

ಗಾಜಿನ ಪರದೆಗಳು ಬಂದ ಮೇಲೂ ಅದು ಬದಲಾಗಲಿಲ್ಲ. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೌರಿಸ್ ಅವರು ‘ಇಡಿ’ಯನ್ನು ತಿದ್ದಿ ‘ಇಎಮ್’ ಎಂಬ ಎಡಿಟರ್ ಮಾಡಿದರು. ನರಮನುಷ್ಯರಿಗೆ ತಕ್ಕ ಎಡಿಟರ್ ಎಂಬುದು ಆ ಹೆಸರಿನ ಅರ್ಥ. ‘ಇಡಿ’ಯನ್ನು ಬಳಸುವವರು ದೇವತೆಗಳೇ ಇರಬೇಕೆಂಬ ಹಾಸ್ಯ ಅದರಲ್ಲಿ ಅಡಗಿದೆ. ಅದನ್ನು 1976ರಲ್ಲಿ ಕಂಡ ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ ತಮ್ಮದೇ ಎಡಿಟರನ್ನು ಬೆಳೆಸಿದರು. ಅದೇ ಮುಂದೆ ‘ವಿಐ’ ಎಂದು ಪ್ರಸಿದ್ಧವಾಯಿತು. ಜಾಯ್ ಬಳಸುತ್ತಿದ್ದದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಮ್-3ಎ ಟರ್ಮಿನಲ್. ಅದರಲ್ಲಿ ಬಾಣದ ಗುರುತಿನ ಬೇರೆ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಬಾಣಗಳನ್ನು ಮುದ್ರಿಸಿದ್ದರು. ಇಂದಿಗೂ ‘ವಿಐ’ ಬಳಸುವವರು ಆ ನಾಲ್ಕು ಕೀಲಿಗಳಿಂದಲೇ ಪರದೆಯ ಮೇಲೆ ಓಡಾಡುತ್ತಾರೆ. ಅದೇ ಟರ್ಮಿನಲ್ಲಿನಲ್ಲಿ ‘ಹೋಮ್’ ಎಂಬ ಪದವೂ ‘~’ ಎಂಬ ಅಲೆಯ ಚಿಹ್ನೆಯೂ ಒಂದೇ ಕೀಲಿಯ ಮೇಲಿದ್ದವು. ಬಳಕೆದಾರನ ಮನೆಕೋಶಕ್ಕೆ ಯೂನಿಕ್ಸಿನಲ್ಲಿ ಈ ಅಲೆಯೇ ಗುರುತಾಗಿದೆ. ಎಂದೋ ಗುಜರಿಗೆ ಹೋದ ಯಂತ್ರದ ಕೀಲಿಮಣೆ ಹೀಗೆ ಜನರ ಬೆರಳುಗಳಲ್ಲಿ ಉಳಿದುಕೊಂಡಿದೆ.

‘ವಿಐ’ ಇಡೀ ಪರದೆಯನ್ನು ಆಕ್ರಮಿಸುತ್ತಿತ್ತು. ಹೀಗಾಗಿ ಶೆಲ್ ಕಾಯುವುದು ಇಲ್ಲಿಯೂ ಸರಿಯೇ. ಪರದೆ ಒಂದೇ ಇರುವಾಗ ಇಬ್ಬರು ಯಜಮಾನರಿಗೆ ಜಾಗವೆಲ್ಲಿ?

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ, ಬೇರೆಯೇ ಒಂದು ಸಂಪ್ರದಾಯ ಮೊಳೆಯುತ್ತಿತ್ತು. 1973ರ ಆಲ್ಟೊ ಎಂಬ ಯಂತ್ರಕ್ಕೆ ಚಿತ್ರಮಯ ಪರದೆಯಿತ್ತು, ಮೌಸ್ ಇತ್ತು. ಅದರ ಮೇಲೆ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ‘ಬ್ರಾವೊ’ ಎಡಿಟರನ್ನು ರೂಪಿಸಿದರು. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ಯನ್ನು. ಕತ್ತರಿಸಿ ಅಂಟಿಸುವ, ಇಂದು ಮಕ್ಕಳಿಗೂ ಗೊತ್ತಿರುವ ವಿಧಾನ ರೂಢಿಗೆ ಬಂದದ್ದು ಈ ಸಾಲಿನ ಎಡಿಟರುಗಳಿಂದ. ‘ವಿಐ’ಯಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ, ಯಾವ ಸ್ಥಿತಿಯಲ್ಲಿದ್ದೇವೆಂದು ಮರೆತರೆ ಬರಹದ ಬದಲು ಅನಾಹುತವೇ ಆದೀತು. ಇಂಥ ಸ್ಥಿತಿಭೇದಗಳೇ ಕೂಡದೆಂಬುದು ಟೆಸ್ಲರ್ ಅವರ ಹಟ. ತಮ್ಮ ಕಾರಿನ ನಂಬರು ಫಲಕದ ಮೇಲೂ ‘ನೋ ಮೋಡ್ಸ್’ ಎಂದು ಬರೆಸಿದ್ದರು. 2020ರಲ್ಲಿ ಅವರು ತೀರಿಕೊಂಡರು.

ಈ ಸಂಪ್ರದಾಯ 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಆಗಿ ಮನೆಮನೆಗೆ ಬಂತು. ಅದರಲ್ಲಿ ಆಜ್ಞೆಯ ಸಾಲೇ ಇರಲಿಲ್ಲ. ಹೆಸರು ಹಿಡಿದು ಕರೆಯುವ ರೂಢಿ ಹೋಗಿ, ಬೆರಳು ಮಾಡಿ ತೋರಿಸುವ ರೂಢಿ ಬಂತು. ಹೊಸಬರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಹೆಸರಿಗೆ ಇರುವ ಶಕ್ತಿಯೊಂದು ಬೆರಳಿಗಿಲ್ಲ. ಕಣ್ಣೆದುರು ಇಲ್ಲದ್ದನ್ನೂ ಹೆಸರು ಹಿಡಿದು ಕರೆಯಬಹುದು. ಬೆರಳು ತೋರಿಸಲು ವಸ್ತು ಎದುರಿಗೇ ಇರಬೇಕು. ಹತ್ತು ಕೋಶಗಳ ಆಳದಲ್ಲಿರುವ ಕಡತವನ್ನು ಮೌಸಿನಿಂದ ಹುಡುಕಿ ತೆರೆಯುವಷ್ಟರಲ್ಲಿ, ಹೆಸರು ಬಲ್ಲವನು ಒಂದು ಸಾಲು ಬರೆದು ಅದನ್ನು ಎಡಿಟರಿನಲ್ಲಿ ತೆರೆದಿರುತ್ತಾನೆ. ಬೇಕೆಂದರೆ ಒಂದೇ ಸಾಲಿನಿಂದ ಐವತ್ತು ಕಡತಗಳನ್ನು. ಆಜ್ಞೆಯ ಸಾಲನ್ನು ಕೈಬಿಟ್ಟಿದ್ದ ಆಪಲ್ ಕೂಡ, ಯೂನಿಕ್ಸ್ ತಳಹದಿಯ ಮ್ಯಾಕ್ ಓಎಸ್ ಎಕ್ಸ್ ಅನ್ನು 2001ರಲ್ಲಿ ಮಾರುಕಟ್ಟೆಗೆ ತಂದಾಗ ಟರ್ಮಿನಲ್ಲನ್ನು ಜೊತೆಗಿಟ್ಟುಕೊಂಡೇ ಬಂತು. ಅಲ್ಲಿ ‘ಓಪನ್’ ಎಂಬ ಆಜ್ಞೆಯಿಂದ ಟೆಕ್ಸ್ಟ್‌ಎಡಿಟ್ ಕಿಟಕಿಯನ್ನು ಕರೆಯಬಹುದು.

ಭಾರತದಲ್ಲಿ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ಎರಡು ಲೋಕಗಳ ಈ ಸಂಧಿ ಇನ್ನೊಂದು ರೂಪದಲ್ಲಿ ಪರಿಚಿತ. ಯಂತ್ರ ಚಾಲೂ ಮಾಡಿದರೆ ಡಾಸ್‌ನ ಕಪ್ಪು ಪರದೆ, ಅದರ ಮೇಲೆ ‘ಸಿ’ ಎಂಬ ಅಕ್ಷರ. ಅಲ್ಲಿ ‘ವಿನ್’ ಎಂದು ಬರೆದು ಎಂಟರ್ ಒತ್ತಿದರೆ ವಿಂಡೋಸ್ 3.1 ಏಳುತ್ತಿತ್ತು. ‘ವಿನ್ ನೋಟ್‌ಪ್ಯಾಡ್’ ಎಂದು ಬರೆದರೆ ವಿಂಡೋಸ್ ಏಳುವಾಗಲೇ ನೋಟ್‌ಪ್ಯಾಡ್ ಎಡಿಟರನ್ನೂ ಕೈಹಿಡಿದು ಕರೆತರುತ್ತಿತ್ತು. ಎಷ್ಟೋ ಮಂದಿಗೆ ಅದೇ ಮೊದಲ ಪಾಠ.

ಎರಡು ಸಂಪ್ರದಾಯಗಳು ನಿಜವಾಗಿ ಒಂದೇ ಸೂರಿನಡಿ ಬಾಳತೊಡಗಿದ್ದು ಎಂಐಟಿಯಲ್ಲಿ. 1984ರಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅಲ್ಲಿ ಯೂನಿಕ್ಸಿಗಾಗಿ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದು ದಶಕಗಳ ಕಾಲ ಬಾಳಿತು. ಇತ್ತೀಚಿನ ಲಿನಕ್ಸ್‌ಗಳಲ್ಲಿ ಅದರ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ‘ಎಕ್ಸ್’ನಲ್ಲಿ ಟರ್ಮಿನಲ್ಲೂ ಒಂದು ಕಿಟಕಿಯಾಯಿತು. ಇಡೀ ಮೇಜನ್ನು ಆಳುತ್ತಿದ್ದ ಯಂತ್ರ ಒಂದು ಚೌಕಟ್ಟಿನೊಳಗೆ ಕುಗ್ಗಿ, ಪಕ್ಕದಲ್ಲಿ ಇತರರಿಗೂ ಜಾಗ ಬಿಟ್ಟಿತು. ಇನ್ನೊಂದು ಸೋಜಿಗವೂ ಇದರಲ್ಲಿತ್ತು. ಪ್ರೋಗ್ರಾಂ ನಡೆಯುವ ಯಂತ್ರ ಬೇರೆ, ಅದರ ಕಿಟಕಿ ಮೂಡುವ ಯಂತ್ರ ಬೇರೆ ಆಗಬಹುದಿತ್ತು. ಕಿಟಕಿ ಯಾವ ಪರದೆಯ ಮೇಲೆ ಮೂಡಬೇಕೆಂಬುದನ್ನು ‘ಡಿಸ್‌ಪ್ಲೇ’ ಎಂಬ ಹೆಸರಿನಲ್ಲಿ ಬರೆದಿಡುತ್ತಾರೆ. ಅದು ತಪ್ಪಿದ್ದರೆ, ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ ಎಂಬ ಗೊಣಗು. ದೂರದ ಸರ್ವರಿಗೆ ಕೈಚಾಚಿ ಅಲ್ಲಿಂದ ಎಡಿಟರ್ ತೆರೆಯಲು ಹೋದವರಿಗೆಲ್ಲ ಈ ಗೊಣಗಿನ ಪರಿಚಯವಿರುತ್ತದೆ.

ಹಳೆಯ ಶಿಸ್ತು ಅರ್ಥ ಕಳೆದುಕೊಂಡದ್ದು ಈ ಹಂತದಲ್ಲಿ. ಎಡಿಟರಿಗೆ ತನ್ನದೇ ಕಿಟಕಿ ಸಿಕ್ಕಿದೆ, ಟರ್ಮಿನಲ್ಲಿನ ಪರದೆ ಅದಕ್ಕೆ ಬೇಡ. ಆದರೂ ಅದನ್ನು ಹೆತ್ತ ಶೆಲ್ ಟೆಲಿಪ್ರಿಂಟರ್ ಕಾಲದ ಅಭ್ಯಾಸದಂತೆ ಕಾದು ಕುಳಿತಿರುತ್ತದೆ. ಅದಕ್ಕೆ ಕಿಟಕಿಯ ವಿಚಾರವೇ ಗೊತ್ತಿಲ್ಲ. ಮರಿ ಇನ್ನೂ ಬದುಕಿದೆ, ಆದ್ದರಿಂದ ಕಾಯಬೇಕು. ಅದರ ತಿಳಿವಳಿಕೆ ಅಷ್ಟೇ. ಹೊಸಬ ಕಪ್ಪು ಪರದೆ ಕೆಟ್ಟಿತೆಂದುಕೊಳ್ಳುವುದು ಇದನ್ನು ನೋಡಿ.

ಪರಿಹಾರ ಹಳೆಯ ಪೆಟ್ಟಿಗೆಯಲ್ಲೇ ಇತ್ತು. ಎಡಿಟರಿನ ಹೆಸರಿನ ಕೊನೆಗೆ ‘&’ ಹಾಕಿದರಾಯಿತು. ಮರೆತಿದ್ದರೆ ಟರ್ಮಿನಲ್ಲಿಗೆ ಹೋಗಿ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಎಡಿಟರನ್ನು ತಡೆದು ನಿಲ್ಲಿಸಬೇಕು. ಆಗ ಬಿಳಿಯ ಕಿಟಕಿ ಮರಗಟ್ಟಿದಂತಾಗುತ್ತದೆ, ಗಾಬರಿ ಬೇಡ. ‘ಬಿಜಿ’ ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ಅದು ಹಿನ್ನೆಲೆಯಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ. ಈ ಸೌಲಭ್ಯ ಬರ್ಕ್ಲಿಯ ‘ಸಿ ಶೆಲ್’ ಮೂಲಕ ಹರಡಿತು.

ಹಾಗಾದರೆ ಕಿಟಕಿಯ ಎಡಿಟರುಗಳು ತಾವಾಗಿಯೇ ಹಿನ್ನೆಲೆಗೆ ಸರಿಯಬಾರದೇಕೆ? ಕೆಲವು ಸರಿಯುತ್ತವೆ. ಹಾಲೆಂಡಿನ ಬ್ರಾಂ ಮೂಲೆನಾರ್ ಅವರು ‘ವಿಐ’ಯನ್ನು ಬೆಳೆಸಿ 1991ರಲ್ಲಿ ‘ವಿಮ್’ ಎಂಬ ಎಡಿಟರ್ ಹೊರತಂದರು. ಅದನ್ನು ಉಚಿತವಾಗಿ ಹಂಚಿ, ಇಷ್ಟವಾದವರು ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂದು ಕೇಳಿಕೊಂಡರು. 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅದರ ಸೇವೆಯಲ್ಲಿದ್ದರು. 1996ರ ಆವೃತ್ತಿಯಿಂದ ಅದಕ್ಕೆ ಕಿಟಕಿಯೂ ಸೇರಿತು. ಆ ರೂಪದ ಹೆಸರು ‘ಜಿವಿಮ್’. ಟರ್ಮಿನಲ್ಲಿನಿಂದ ಜಿವಿಮ್ ಎಂದು ಕರೆದರೆ ಅದು ತಾನೇ ಇನ್ನೊಮ್ಮೆ ಕವಲೊಡೆದು, ಶೆಲ್‌ನಿಂದ ಕಳಚಿಕೊಂಡು, ಟರ್ಮಿನಲ್ಲನ್ನು ಬಿಡುಗಡೆ ಮಾಡುತ್ತದೆ. ಇದು ಉಳಿದವರೆಲ್ಲ ಕಲಿಯಬೇಕಾದ ಸೌಜನ್ಯವೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ.

ಸಮಸ್ಯೆ ಇರುವುದು, ಎಡಿಟರನ್ನು ಕರೆಯುವವರು ಮನುಷ್ಯರು ಮಾತ್ರವಲ್ಲ ಎಂಬುದರಲ್ಲಿ. ಇತರ ಪ್ರೋಗ್ರಾಮುಗಳೂ ಅದನ್ನು ಕರೆಯುತ್ತವೆ. ಯೂನಿಕ್ಸಿನಲ್ಲಿ ಬಳಕೆದಾರ ತನ್ನ ಮೆಚ್ಚಿನ ಎಡಿಟರ್ ಯಾವುದೆಂದು ‘ಎಡಿಟರ್’ ಮತ್ತು ‘ವಿಷುಯಲ್’ ಎಂಬ ಎರಡು ಹೆಸರುಗಳಲ್ಲಿ ಬರೆದಿಡುವ ಪದ್ಧತಿ ಇದೆ. ಮೊದಲನೆಯದು ‘ಇಡಿ’ಯಂಥ ಸಾಲು ಎಡಿಟರಿಗೆ, ಎರಡನೆಯದು ಪರದೆ ತುಂಬುವ ಎಡಿಟರಿಗೆ ಎಂಬುದು ಮೂಲ ಉದ್ದೇಶ, ಟೆಲಿಪ್ರಿಂಟರೂ ಪರದೆಯೂ ಜೊತೆಜೊತೆಗೆ ಬಳಕೆಯಲ್ಲಿದ್ದ ದಿನಗಳ ಕುರುಹು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ‘ಗಿಟ್’ ಅನ್ನು ಉದಾಹರಣೆಗೆ ನೋಡಬಹುದು. ಪ್ರೋಗ್ರಾಮಿನಲ್ಲಿ ಆದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ರೋಜುಪುಸ್ತಕ ಅದು. ತಿದ್ದುಪಡಿ ಒಪ್ಪಿಸುವಾಗ, ಏನು ಬದಲಾಯಿಸಿದೆ ಎಂದು ನಾಲ್ಕು ಮಾತು ಬರೆ ಎಂದು ಅದು ಎಡಿಟರನ್ನು ತೆರೆದುಕೊಡುತ್ತದೆ. ಬರೆದು ಮುಗಿಸಿ ಮುಚ್ಚುವವರೆಗೆ ಕಾಯುತ್ತದೆ. ಎಡಿಟರ್ ಜಿವಿಮ್‌ನಂತೆ ಸೌಜನ್ಯದಿಂದ ಹಿನ್ನೆಲೆಗೆ ಸರಿದುಬಿಟ್ಟರೆ, ಮರಿ ಮುಗಿಯಿತೆಂದೇ ಗಿಟ್ ತಿಳಿಯುತ್ತದೆ. ಕಿಟಕಿಯಲ್ಲಿ ಬಳಕೆದಾರ ಮೊದಲ ಅಕ್ಷರ ಬರೆಯುವ ಮುನ್ನವೇ, ಹೇಳಿಕೆ ಖಾಲಿಯಿದೆ, ಕೆಲಸ ರದ್ದು ಎಂದು ತೀರ್ಮಾನ ಕೊಟ್ಟಿರುತ್ತದೆ.

ಅಂದರೆ ಮನುಷ್ಯ ಕರೆದಾಗ ಕಾಯಿಸಬಾರದು, ಪ್ರೋಗ್ರಾಂ ಕರೆದಾಗ ಕಾಯಿಸಲೇಬೇಕು. ಕರೆದವರು ಯಾರೆಂದು ಎಡಿಟರಿಗೆ ತಾನಾಗಿ ತಿಳಿಯದು, ಹೇಳಬೇಕು. ಜಿವಿಮ್‌ಗೆ ‘ಎಫ್’ ಎಂಬ ಸೂಚನೆ ಕೊಟ್ಟರೆ ಅದು ಮುನ್ನೆಲೆಯಲ್ಲೇ ಉಳಿಯುತ್ತದೆ. ಮೈಕ್ರೋಸಾಫ್ಟ್ 2015ರಲ್ಲಿ ತಂದ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಜನಪ್ರಿಯ ಎಡಿಟರನ್ನು ಟರ್ಮಿನಲ್ಲಿನಿಂದ ‘ಕೋಡ್’ ಎಂದು ಕರೆಯುತ್ತಾರೆ. ಅದಕ್ಕೆ ‘ವೆಯ್ಟ್’ ಎಂದೇ ಹೇಳಬೇಕು. ಹಳೆಯ ಯೂನಿಕ್ಸಿನ ಪದ ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಈಮ್ಯಾಕ್ಸ್ ಇದಕ್ಕೆ ಇನ್ನೊಂದು ಉಪಾಯ ಮಾಡಿಕೊಂಡಿದೆ. ಎಡಿಟರ್ ಒಂದೇ, ಸದಾ ತೆರೆದಿರುತ್ತದೆ. ‘ಈಮ್ಯಾಕ್ಸ್‌ಕ್ಲೈಂಟ್’ ಎಂಬ ಪುಟ್ಟ ಜವಾನ ಕಡತದ ಹೆಸರನ್ನು ಅದಕ್ಕೆ ತಲುಪಿಸಿ, ಕೆಲಸ ಮುಗಿಯುವವರೆಗೆ ಬಾಗಿಲಲ್ಲಿ ನಿಂತಿರುತ್ತಾನೆ. ಜಿಎಡಿಟ್ ಮೊದಲೇ ತೆರೆದಿದ್ದರೆ ಎರಡನೆಯ ಕರೆ ಕೊಟ್ಟಾಗ ಟರ್ಮಿನಲ್ ಕೂಡಲೇ ಮಾತಿಗೆ ಸಿಗುವುದೂ ಇಂಥದೇ ಕಾರಣಕ್ಕೆ. ಒಂದೇ ಆಜ್ಞೆ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ನಡೆದುಕೊಳ್ಳುವುದನ್ನು ಕಂಡು ತಲೆ ಕೆರೆದುಕೊಳ್ಳುವವರು ಇದನ್ನು ನೆನಪಿಟ್ಟರೆ ಸಾಕು.

ವಿಂಡೋಸಿನ ಶೆಲ್ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರತಿ ಪ್ರೋಗ್ರಾಮಿನ ಹಣೆಯ ಮೇಲೆ ಅದು ಕಿಟಕಿಯದೋ ಕಪ್ಪು ಪರದೆಯದೋ ಎಂದು ಬರೆದಿರುತ್ತದೆ. ಆಜ್ಞೆಯ ಸಾಲಿನಿಂದ ನೋಟ್‌ಪ್ಯಾಡ್ ಕರೆದರೆ ಶೆಲ್ ಆ ಬರಹ ನೋಡಿ, ಕಾಯದೆ ಮುಂದೆ ಸಾಗುತ್ತದೆ. ಅದೇ ಆಜ್ಞೆಯನ್ನು ಬ್ಯಾಚ್ ಕಡತದೊಳಗೆ ಬರೆದಿದ್ದರೆ ಕಾಯುತ್ತದೆ. ಜಾಣತನವೇನೋ ಹೌದು. ಯೂನಿಕ್ಸಿನ ಶೆಲ್ ಯಾರನ್ನೂ ಹಣೆ ನೋಡಿ ಅಳೆಯುವುದಿಲ್ಲ; ಆ ದಡ್ಡತನದಲ್ಲೇ ಹೆಚ್ಚು ನೆಮ್ಮದಿಯಿದೆ, ಏಕೆಂದರೆ ಅದು ಏನು ಮಾಡುತ್ತದೆಂದು ಮೊದಲೇ ಹೇಳಬಹುದು.

ಇನ್ನು ಕಪ್ಪು ಪರದೆ ಮುಚ್ಚಿದಾಗ ಬಿಳಿಯ ಕಿಟಕಿಯೂ ಸಾಯುವುದೇಕೆ ಎಂಬುದು. ಇದರ ಮೂಲ ಟೆಲಿಫೋನಿನಲ್ಲಿದೆ. ಆಗ ದೂರದ ಟರ್ಮಿನಲ್ಲುಗಳು ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರನ್ನು ಮುಟ್ಟುತ್ತಿದ್ದವು. ಬಳಕೆದಾರ ಫೋನ್ ಇಟ್ಟುಬಿಟ್ಟರೆ, ಅಥವಾ ಮಳೆಗಾಳಿಗೆ ತಂತಿ ಕಡಿದರೆ, ಆತನಿಗಾಗಿ ನಡೆಯುತ್ತಿದ್ದ ಪ್ರೋಗ್ರಾಮುಗಳು ಅನಾಥವಾಗಿ ಉಳಿಯಬಾರದು. ಅದಕ್ಕಾಗಿ ‘ಹ್ಯಾಂಗಪ್’ ಎಂಬ ಸಂಕೇತವನ್ನು ಅವುಗಳಿಗೆಲ್ಲ ಕಳುಹಿಸುತ್ತಿದ್ದರು. ಬೇರೆ ಏನೂ ಹೇಳಿಕೊಟ್ಟಿಲ್ಲದಿದ್ದರೆ ಅದನ್ನು ಪಡೆದ ಪ್ರೋಗ್ರಾಂ ಅಲ್ಲಿಗೇ ಮುಗಿಯುತ್ತದೆ. ಈಗ ಫೋನೂ ಇಲ್ಲ, ತಂತಿಯೂ ಇಲ್ಲ. ಟರ್ಮಿನಲ್ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೂ ಫೋನ್ ಇಟ್ಟ ಸುದ್ದಿಯೇ ಮರಿಗಳಿಗೆ ಹೋಗುತ್ತದೆ. ‘&’ ಹಾಕಿದ್ದರೂ ಈ ಸುದ್ದಿ ತಪ್ಪುತ್ತದೆಂಬ ಭರವಸೆಯಿಲ್ಲ. ಹಿನ್ನೆಲೆಗೆ ಸರಿದರೂ ಸಂಬಂಧ ಕಡಿದಿರುವುದಿಲ್ಲವಲ್ಲ. ಸುದ್ದಿ ಕಿವಿಗೆ ಬೀಳದಂತೆ ಮಾಡಲು ‘ನೋಹಪ್’ ಎಂಬ ಆಜ್ಞೆಯನ್ನು ಮೊದಲೇ ಸೇರಿಸಬೇಕು.

ಹಳೆಯ ‘ವಿಐ’ ಈ ವಿಷಯದಲ್ಲಿ ಮನುಷ್ಯರ ಕಷ್ಟ ಬಲ್ಲದ್ದಾಗಿತ್ತು. ಫೋನ್ ಕಡಿದರೆ ಸಾಯುವ ಮುನ್ನ ಬರಹವನ್ನು ಒಂದೆಡೆ ಜೋಪಾನ ಮಾಡಿ, ನಿಮ್ಮ ಕಡತ ಉಳಿದಿದೆ, ಹೀಗೆ ಮರಳಿ ಪಡೆಯಿರಿ ಎಂದು ಬಳಕೆದಾರನಿಗೆ ಅಂಚೆ ಕಳುಹಿಸುತ್ತಿತ್ತು. ವಿಮ್ ಮತ್ತು ಈಮ್ಯಾಕ್ಸ್ ಇಂದಿಗೂ ಪಕ್ಕದಲ್ಲೊಂದು ಗುಪ್ತ ಪ್ರತಿ ಇಟ್ಟುಕೊಂಡೇ ಬರೆಯುತ್ತವೆ. ಬರಹವನ್ನೆಲ್ಲ ಕಳೆದುಕೊಂಡವನ ಸಂಕಟ ಗೊತ್ತಿದ್ದವರೇ ಬರೆದ ಪ್ರೋಗ್ರಾಮುಗಳು ಇವು ಎನ್ನಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಕಪ್ಪು ಪರದೆಯೊಳಗೇ ವಿಮ್ ತೆರೆದು ಬರೆದರಾಗದೆ ಎಂದು ಕೇಳುವ ಪ್ರೋಗ್ರಾಮರುಗಳು ಬಹಳ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಸರಿ. ಕನ್ನಡದಲ್ಲಿ ಬರೆಯುವವರಿಗೆ ಆ ಸೌಭಾಗ್ಯವಿಲ್ಲ.

ಟರ್ಮಿನಲ್ ಎಂದರೆ ಒಂದೇ ಅಳತೆಯ ಚೌಕಗಳ ಹಾಸು. ಸಾಂಪ್ರದಾಯಿಕವಾಗಿ ಸಾಲಿಗೆ 80 ಚೌಕ, ಇಂಥ 24 ಸಾಲು. ಒಂದು ಚೌಕಕ್ಕೆ ಒಂದು ಅಕ್ಷರ. ಬಂದವರು ಬಂದ ಕ್ರಮದಲ್ಲೇ ಕೂರಬೇಕು. ರೋಮನ್ ಲಿಪಿ ಹೀಗೆ ಶಾಲಾ ಮಕ್ಕಳಂತೆ ಸಾಲಾಗಿ ಕುಳಿತುಕೊಳ್ಳುತ್ತದೆ. ಕನ್ನಡದ ಅಕ್ಷರಗಳು ಒಂದರ ಕೆಳಗೊಂದು ಒತ್ತಾಗಿ ಇಳಿಯುತ್ತವೆ, ಗುಣಿತ ಸೇರಿ ಆಕಾರ ಬದಲಿಸುತ್ತವೆ. ‘ರಾಷ್ಟ್ರ’ ಎಂಬ ಪದವನ್ನು ಯೂನಿಕೋಡಿನಲ್ಲಿ ಏಳು ಸಂಕೇತಗಳಾಗಿ ಉಳಿಸುತ್ತಾರೆ. ಕಣ್ಣಿಗೆ ಕಾಣುವುದು ಎರಡು ಅಕ್ಷರ. ‘ಸೂರ್ಯ’ ಇನ್ನೂ ತುಂಟ. ಉಚ್ಚಾರದಲ್ಲೂ ಸಂಕೇತಗಳ ಸಾಲಿನಲ್ಲೂ ರಕಾರ ಮೊದಲು, ಯಕಾರ ಆಮೇಲೆ. ಬರವಣಿಗೆಯಲ್ಲಿ ರಕಾರ ಅರ್ಕಾವತ್ತಾಗಿ ಯಕಾರದ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಬಂದ ಕ್ರಮದಲ್ಲೇ ಕೂರಿಸುವ ಚೌಕಗಳ ಹಾಸಿಗೆ ಈ ಹಿಂದುಮುಂದು ಅರ್ಥವಾಗುವುದಿಲ್ಲ. ಬಹುತೇಕ ಟರ್ಮಿನಲ್ಲುಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು, ಗುಣಿತ ಕಳಚಿ, ಓದಲು ಪ್ರಯಾಸವಾಗುವುದು ಇದರಿಂದ. ಕಿಟಕಿಗಳೇ ಇಲ್ಲದ ಲಿನಕ್ಸಿನ ಮೂಲ ಪರದೆಯಲ್ಲಂತೂ ಒಂದು ಬಾರಿಗೆ ಹೆಚ್ಚೆಂದರೆ 512 ಅಕ್ಷರಾಕೃತಿಗಳಿಗೆ ಜಾಗ. ಡಾಸ್ ಕಾಲದಲ್ಲಿ ಇದೇ ಇಕ್ಕಟ್ಟನ್ನು ಮೀರಲು ಕಂಪ್ಯೂಟರಿನೊಳಗೆ ಸಿ-ಡ್ಯಾಕ್‌ನ ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನೇ ಸಿಕ್ಕಿಸಬೇಕಾಗಿತ್ತು.

ಕಿಟಕಿಯ ಎಡಿಟರಿನಲ್ಲಿ ಪುಟವೆಂದರೆ ಚೌಕಗಳ ಹಾಸಲ್ಲ, ಚಿತ್ರ. ಹಾರ್ಫ್‌ಬಜ್ ಎಂಬಂಥ ತಂತ್ರಾಂಶ ಅಕ್ಷರಗಳ ಸಾಲನ್ನು ಓದಿ, ಯಾವುದು ಒತ್ತು, ಯಾವುದು ಅರ್ಕಾವತ್ತು ಎಂದು ನಿರ್ಧರಿಸಿ, ಫಾಂಟಿನಿಂದ ತಕ್ಕ ಆಕಾರ ಆಯ್ದು ಜೋಡಿಸುತ್ತದೆ. ಹಿಂದೆ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಕೈಚಳಕ ಅದರಲ್ಲಿದೆ. ಕಿಟಕಿಯಿದ್ದ ಮಾತ್ರಕ್ಕೆ ಸಾಲದು ಎಂಬುದನ್ನೂ ಹೇಳಬೇಕು. ಜಿವಿಮ್ ಕಿಟಕಿಯೊಳಗೂ ಸಮಾನ ಚೌಕಗಳ ಲೆಕ್ಕವನ್ನೇ ಇಟ್ಟುಕೊಂಡಿರುವುದರಿಂದ ಅಲ್ಲಿ ಕನ್ನಡ ಸರಾಗವಾಗಿ ಕೂರುವುದಿಲ್ಲ. ಜಿಎಡಿಟ್, ಕೇಟ್ ಮುಂತಾದವುಗಳಲ್ಲಿ ಕೂರುತ್ತದೆ. ಈಮ್ಯಾಕ್ಸ್ 2020ರ ಆವೃತ್ತಿಯಿಂದ ಹಾರ್ಫ್‌ಬಜ್ ಅಳವಡಿಸಿಕೊಂಡಿದೆ. ಅದೇ ಈಮ್ಯಾಕ್ಸನ್ನು ಕಿಟಕಿ ಬೇಡವೆಂಬ ಸೂಚನೆಯೊಡನೆ ಕರೆದರೆ ಟರ್ಮಿನಲ್ಲಿನೊಳಗೇ ತೆರೆಯುತ್ತದೆ. ಒಂದೇ ಕನ್ನಡ ಕಡತವನ್ನು ಎರಡೂ ಬಗೆಯಲ್ಲಿ ತೆರೆದು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಕನ್ನಡದ ವಿಕಿಪೀಡಿಯ, ನಿಘಂಟು, ತಂತ್ರಾಂಶಗಳ ಅನುವಾದ ಮುಂತಾದ ಕೆಲಸಗಳಲ್ಲಿ ಸಾವಿರಾರು ಕಡತಗಳನ್ನು ಹುಡುಕಬೇಕು, ವಿಂಗಡಿಸಬೇಕು, ಹೆಸರು ಬದಲಿಸಬೇಕು. ಅದಕ್ಕೆ ಆಜ್ಞೆಯ ಸಾಲಿನಷ್ಟು ಚುರುಕಾದದ್ದು ಇನ್ನೊಂದಿಲ್ಲ. ಸಿಕ್ಕ ಕಡತವನ್ನು ಓದಿ ತಿದ್ದುವುದು ಕಿಟಕಿಯಲ್ಲೇ ಆಗಬೇಕು. ಇಂಗ್ಲಿಷ್ ಪ್ರೋಗ್ರಾಮರಿಗೆ ಅಭಿರುಚಿಯ ಪ್ರಶ್ನೆಯಾಗಿರುವ ಈ ಸಂಧಿ, ಕನ್ನಡಿಗನಿಗೆ ದಿನದ ಅಗತ್ಯ. ಅವನು ಎರಡೂ ಲೋಕಗಳಿಗೆ ಓಡಾಡುತ್ತಿರಲೇಬೇಕು.

ಅವನು ಉಳಿಸುವ ಕಡತದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟುಗಳಾಗಿ ಕೂರುತ್ತದೆ. ಯುಟಿಎಫ್-8 ಎಂಬ ಆ ಲೆಕ್ಕಾಚಾರವನ್ನು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದರು. ಜೊತೆಗಿದ್ದವರು ರಾಬ್ ಪೈಕ್. ಗೀಚಿದವರು, ತಪ್ಪಿಗೆಲ್ಲ ಒಂದೇ ಪ್ರಶ್ನಾರ್ಥಕ ಚಿಹ್ನೆ ತೋರಿಸುವ ‘ಇಡಿ’ಯನ್ನು ಬರೆದ ಅದೇ ಕೆನ್ ಥಾಂಪ್ಸನ್. ಇದರಿಂದಾಗಿ ಕಡತದ ಹೆಸರನ್ನೂ ಕನ್ನಡದಲ್ಲೇ ಇಡಬಹುದು, ಆಜ್ಞೆಯ ಸಾಲಿನಲ್ಲಿ ಬರೆಯಲೂಬಹುದು. ‘ಸೂರ್ಯ’ ಎಂಬ ಕಡತವನ್ನು ಕರೆದು, ಕೊನೆಗೆ ‘&’ ಹಾಕಿ ಎಂಟರ್ ಒತ್ತಿದರೆ, ಟರ್ಮಿನಲ್ಲಿನಲ್ಲಿ ಮುರಿದು ಬಿದ್ದಿದ್ದ ಆ ಹೆಸರು ಮರುಕ್ಷಣ ಕಿಟಕಿಯ ತಲೆಪಟ್ಟಿಯಲ್ಲಿ ಅರ್ಕಾವತ್ತಿನ ಸಮೇತ ನೆಟ್ಟಗೆ ನಿಂತಿರುತ್ತದೆ.